ಡಿಕಾಕ್ಷನ್ ಬಣ್ಣದ ಊರು

ನಮ್ಮ ಸೋದರಮಾವ ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ರಿಟೈರಾಗಿ ಐದಾರು ವರ್ಷ ಆಗಿತ್ತೋ ಏನೋ, ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಅತ್ತೆ ನಮ್ಮೂರಿಗೆ ಒಂದು ಕಾರ್ಡು ಬರೆದರು. ಮನೆಯಲ್ಲಿ ಒಬ್ಬ ಹುಡುಗ ಇದ್ದರೆ ನನಗೆ ಧೈರ್ಯ, ನಿನ್ನ ಮಗನನ್ನು ಕಳಿಸು ಅಂತ ಅಮ್ಮನಿಗೆ. ನಾನು ಆಗ ಓದು ಮುಗಿಸಿ, ನಾಲ್ಕಾರು ಕಡೆ ಅರ್ಜಿ ಹಾಕಿಕೊಂಡು ಕೂತಿದ್ದೆ. ಎರಡು ಜೊತೆ ಬಟ್ಟೆ ತುಂಬಿಕೊಂಡು ಹುಣಸೂರಿನ ಕಡೆಯಿಂದ ಬಸ್ಸು ಹತ್ತಿದೆ.

ಯಾವ ವರ್ಷ ಅಂತ ಕೇಳಬೇಡಿ. ಆಷಾಢ ಅನ್ನೋದು ಮಾತ್ರ ಖಾತ್ರಿ. ಬಸ್ಸಿನ ತುಂಬ ಚಾಮುಂಡಿಬೆಟ್ಟಕ್ಕೆ ಶುಕ್ರವಾರದ ದರ್ಶನಕ್ಕೆ ಹೊರಟ ಹೆಂಗಸರು, ಅವರ ತೊಡೆಯ ಮೇಲೆ ಹೂವಿನ ಬುಟ್ಟಿ, ಕಿಟಕಿಯಾಚೆ ಜಿಟಿಜಿಟಿ ಮಳೆ. ಹುಣಸೂರು ದಾಟುವಾಗ ಕಾಫಿ ಬೀಜದ ವಾಸನೆ ಬಂತು. ಕೊಡಗಿನ ಕಾಫಿ ಅಲ್ಲಿ ಹದವಾಗಿ ಮುಂದಕ್ಕೆ ಹೋಗುತ್ತಿದ್ದ ಕಾಲ ಅದು. ಆ ವಾಸನೆ ಬಂದರೆ ಮಾವನ ಮನೆ ಅರ್ಧ ಮುಟ್ಟಿದ ಹಾಗೆ ನನಗೆ.

ಮಾವನ ಮನೆ ಇದ್ದದ್ದು ಅಗ್ರಹಾರದ ಕಡೆ. ಹಂಚಿನ ಮನೆ, ಮುಂದೆ ಒಂದು ಮೊಳ ಅಗಲದ ಜಗಲಿ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನ ಹಳೆ ಬಡಾವಣೆಗಳಲ್ಲಿ ಈ ಹಿಂದಿನ ಗಲ್ಲಿಗಳನ್ನು ನೀವು ನೋಡಿರಬಹುದು. ಪ್ಲೇಗು ಊರನ್ನು ಗುಡಿಸಿಹಾಕಿದ ಮೇಲೆ, 1903ರಲ್ಲಿ ಊರು ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡು ಮಾಡಿ, ಮನೆಗೆ ಗಾಳಿ ಬೆಳಕು ಬರಬೇಕು, ಕೊಳಕು ಹಿಂದಿನಿಂದ ಹೋಗಬೇಕು ಅಂತ ಬೀದಿಗಳನ್ನು ಎಳೆದರು. ಮೈಸೂರಲ್ಲಿ ನಡೆಯೋದು ಇಷ್ಟು ಸುಖವಾಗಿರೋದಕ್ಕೆ ಆ ಪ್ಲೇಗೂ ಒಂದು ಕಾರಣ ಅಂತ ಮಾವ ಹೇಳುತ್ತಿದ್ದರು, ಹೇಳುವಾಗ ದನಿ ತಗ್ಗಿಸುತ್ತಿದ್ದರು.

ಆಪರೇಷನ್ ಇದ್ದದ್ದು ಸೋಮವಾರ. ಶನಿವಾರ ಬೆಳಿಗ್ಗೆ ಮಾವ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಜಗಲಿಗೆ ಬಂದು ನಿಂತರು.

"ನಡಿಯೋ, ಒಂದು ಸುತ್ತು ಹೋಗಿ ಬರೋಣ."

"ಈ ಮಳೇಲಿ ಎಲ್ಲಿಗ್ರೀ?" ಅಂತ ಅತ್ತೆ ಒಳಗಿಂದ ಬಂದರು.

"ಸೋಮವಾರ ಏನಾಗುತ್ತೋ ಏನೋ. ಇರೋ ಕಣ್ಣಲ್ಲಿ ಒಂದ್ಸಲ ಎಲ್ಲಾ ನೋಡ್ಕೊಂಡು ಬಂದ್ಬಿಡ್ತೀನಿ."

ಅತ್ತೆ ಮತ್ತೆ ಮಾತಾಡಲಿಲ್ಲ. ಒಳಗೆ ಹೋಗಿ ಕೊಡೆ ತಂದು ನನ್ನ ಕೈಗೆ ಕೊಟ್ಟರು.

ಮಾವ ಊರೊಳಗೆ ಆಟೋ ಹತ್ತಿದವರಲ್ಲ, ಟಾಂಗಾ ಹತ್ತಿದ್ದನ್ನೂ ನಾನು ಕಂಡಿಲ್ಲ. ಚಿತ್ರದ ಮುಂದೆ ಎಷ್ಟು ದೂರ ನಿಲ್ಲಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆಯಲ್ಲ, ಕಟ್ಟಡಕ್ಕೂ ಅಷ್ಟೇ ಅನ್ನೋರು. ನಡೆಯೋನು ಹಿಂದೆ ಸರಿದು, ಮುಂದೆ ಹೋಗಿ ಆ ಜಾಗ ಹುಡುಕಿಕೊಳ್ಳುತ್ತಾನೆ, ಗಾಡಿಯಲ್ಲಿ ಕೂತವನಿಗೆ ಅದು ಸಿಗೋದಿಲ್ಲ. ನಡೆಯುತ್ತಾ ನಡೆಯುತ್ತಾ ತಟ್ಟನೆ ನಿಂತು, ಕೈ ನೀಟಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ಗೋಪುರದ ಎತ್ತರ ಅಳೆಯೋರು. ಹಿಂದೆ ಬರುತ್ತಿದ್ದ ಸೈಕಲ್ಲಿನವರು ಬೆಲ್ ಹೊಡೆದು ಬಳಸಿಕೊಂಡು ಹೋಗುತ್ತಿದ್ದರು.

ಆವತ್ತು ಅವರ ಎಡಗೈ ನನ್ನ ಹೆಗಲ ಮೇಲಿತ್ತು. ಮೊದಲು ನಿಂತದ್ದು ಬೀದಿ ತುದಿಯ ಸಣ್ಣ ಹೋಟೆಲಿನಲ್ಲಿ. ಅಮೃತಶಿಲೆಯ ಮೇಜು, ಗೋಡೆಗೆ ಕನ್ನಡಿ, ಗಲ್ಲಾದ ಹಿಂದೆ ಊದುಬತ್ತಿ. ಖಾಲಿ ದೋಸೆ ತಿಂದೆವು. ಬೆಣ್ಣೆ ದೋಸೆಯ ಮೇಲೆ ಕರಗುತ್ತಿತ್ತು, ಸಾಗು ಬಿಸಿ ಬಿಸಿ. ದೋಸೆಯ ವಿಷಯಕ್ಕೆ ಹೋದರೆ ನಾನು ವಾಪಸ್ ಬರೋದಿಲ್ಲ, ಇರಲಿ. ಮಾಣಿ ಕೇಳದೇ ಕಾಫಿ ತಂದಿಟ್ಟ. "ಮೇಷ್ಟ್ರಿಗೆ ಸ್ಟ್ರಾಂಗು, ಸಕ್ಕರೆ ಕಮ್ಮಿ" ಅಂತ ಅವನೇ ಹೇಳಿಕೊಂಡ. ಮಾವ ಲೋಟವನ್ನು ಬೆಳಕಿಗೆ ಹಿಡಿದರು, ಕಣ್ಣು ಕಿರಿದು ಮಾಡಿ ನೋಡಿದರು, ಮತ್ತೆ ಕೆಳಗಿಟ್ಟರು.

"ಯಾವ ಬಣ್ಣ ಇದೆ ಹೇಳು."

"ಕಾಫಿ ಬಣ್ಣ, ಮಾವ."

"ಹಾಗಂತ ಒಂದು ಬಣ್ಣ ಇಲ್ಲ ಕಣೋ. ಸರಿಯಾಗಿ ನೋಡಿ ಹೇಳು."

ನೋಡಿದೆ. ಕಾಫಿಯನ್ನು ಅಲ್ಲಿಯವರೆಗೆ ಕುಡಿದಿದ್ದೆನೇ ಹೊರತು ನೋಡಿರಲಿಲ್ಲ. ನೊರೆಯ ಅಂಚಿನಲ್ಲಿ ಹೊಸ ತೆಂಗಿನ ನಾರಿನ ಬಣ್ಣ, ನಡುವೆ ಅದಕ್ಕಿಂತ ಗಾಢ. "ಒಣಗಿದ ತೇಗದ ಎಲೆ ಥರ" ಅಂದೆ. ಮಾವ ತಲೆದೂಗಿ, "ಹಾಗಾದರೆ ಸರಿಯಾಗಿದೆ" ಅಂತ ಕುಡಿದರು. ಅವರಿಗೆ ಬಣ್ಣಗಳು ಒಂದರಲ್ಲೊಂದು ಕಲಸಿಹೋಗಿ ತಿಂಗಳುಗಳೇ ಆಗಿದ್ದವು ಅನ್ನೋದು ನನಗೆ ಗೊತ್ತಾದದ್ದು ಆ ಮೇಜಿನ ಮುಂದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದ ಮುಂದಕ್ಕೆ ದಾರಿಯುದ್ದಕ್ಕೂ ಬಣ್ಣ ಹೇಳೋದು ನನ್ನ ಕೆಲಸವಾಯಿತು.

ಕೋಟೆ ಗೋಡೆಯ ಬದಿಗೆ ಬಂದಾಗ ಅರಮನೆ ಮಳೆಯಲ್ಲಿ ನೆನೆಯುತ್ತಾ ನಿಂತಿತ್ತು. ದಸರೆಯ ದೀಪದಲ್ಲಿ ಅರಮನೆ ನೋಡಿ ಬೆರಗಾಗುವವರನ್ನು ನಾನೂ ಒಪ್ಪುತ್ತೇನೆ, ಆದರೆ ಅಷ್ಟು ಸಾವಿರ ಬಲ್ಬು ಹತ್ತಿದಾಗ ಕಾಣೋದು ಗೆರೆ ಮಾತ್ರ. ಕಲ್ಲು ಕಾಣಬೇಕಾದರೆ ಮೋಡದ ದಿನವೇ ಬರಬೇಕು. ಒದ್ದೆಯಾದ ಬೂದು ಕಲ್ಲು ಕಪ್ಪಿಗೆ ತಿರುಗಿತ್ತು, ಗುಮ್ಮಟಗಳು ಆಗತಾನೇ ತೊಳೆದಿಟ್ಟ ಹಾಗಿದ್ದವು. "ಗುಮ್ಮಟ ಹೇಳು" ಅಂದರು ಮಾವ. "ಕೆಂಪು." "ಎಂಥ ಕೆಂಪು?" "ದಾಳಿಂಬೆ ಸಿಪ್ಪೆ." "ನನಗೆ ಕಂದು ಕಾಣ್ತಿದೆ" ಅಂದರು, ಅಷ್ಟೇ.

ಅರಮನೆಯ ಕಥೆ ಅವರು ಎಷ್ಟು ಸಲ ಹೇಳಿದ್ದರೋ, ಆವತ್ತು ಮತ್ತೆ ಹೇಳಿದರು. ಮೊದಲಿದ್ದದ್ದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯನ್ನು ಕರೆಸಿ ಈಗಿನದನ್ನು ಕಟ್ಟಿಸಿದರು, ಮುಗಿಯೋ ಹೊತ್ತಿಗೆ 1912. ಖರ್ಚು 41 ಲಕ್ಷ ಚಿಲ್ಲರೆ. ಒಮ್ಮೆ ಬೆಂಕಿಯ ಬಿಸಿ ಕಂಡ ಮನೆತನ, ಅದಕ್ಕೇ ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಮಾವನಿಗೆ ಇದರಲ್ಲಿ ತುಂಬ ಇಷ್ಟವಾಗಿದ್ದದ್ದು ಬೆರಕೆ. ಕಮಾನು ಒಂದು ಕಡೆಯದು, ಗುಮ್ಮಟ ಇನ್ನೊಂದು ಕಡೆಯದು, ಜರೋಕ ರಾಜಸ್ಥಾನದ್ದು, ಶಿಖರದ ಮೇಲೆ ಚಿನ್ನದ ಕಳಸ. "ಬೇರೆ ಬೇರೆ ಊರಿನ ಬೀಜ ಸೇರಿಸಿ ಹುರಿದ ಹಾಗೆ, ಹದ ಸಿಕ್ಕಿದೆ ನೋಡು" ಅನ್ನೋರು. ಹದ ಸಿಕ್ಕಿದೆ ಅಂತ ನನಗೂ ಅನ್ನಿಸುತ್ತದೆ, ಪ್ರತಿ ಸಲ ಅಲ್ಲಿ ನಿಂತಾಗಲೂ.

ದೊಡ್ಡ ಗಡಿಯಾರದ ಬುಡದಲ್ಲಿ ಗಂಟೆ ಎಷ್ಟು ಅಂತ ಕೇಳಿದರು. ನಾನು ಕೈಗಡಿಯಾರ ನೋಡಹೋದೆ. "ಅಲ್ಲಲ್ಲ, ಅದನ್ನ ಓದು" ಅಂತ ಮೇಲೆ ತೋರಿಸಿದರು. ಮುಖದ ಮೇಲೆ ಕನ್ನಡ ಅಂಕಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ತಮ್ಮ ಸಂಬಳದಿಂದ ಕೂಡಿಸಿ ಕಟ್ಟಿಸಿದ ಗೋಪುರ ಅದು. ಗುಮಾಸ್ತರು, ಕಾವಲಿನವರು ಕೊಟ್ಟ ದುಡ್ಡಿನಲ್ಲಿ ಊರಿಗೆಲ್ಲ ಹೊತ್ತು ತಿಳಿಯಿತು ಅಂತ ಮಾವನಿಗೆ ಹೆಮ್ಮೆ.

ಕೆ.ಆರ್. ಸರ್ಕಲ್ ದಾಟಿ ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿಗೆ ಬಂದೆವು. ಹಳೆ ಪುಸ್ತಕದ ಅಂಗಡಿಗಳು ಅಲ್ಲಿದ್ದವು. ಮಾವ ಪುಸ್ತಕ ತೆಗೆದು ಓದೋದಕ್ಕೆ ಆಗದೆ ಮೂಸಿ ನೋಡಿ ಇಡುತ್ತಿದ್ದರು, ಅಂಗಡಿಯವರು ಸುಮ್ಮನೆ ಸ್ಟೂಲು ಎಳೆದು ಕೊಟ್ಟರು. 1892ರ ಕಟ್ಟಡ. 2012ರ ಮಳೆಗಾಲದಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಇನ್ನು ನಾಲ್ಕು ವರ್ಷಕ್ಕೆ, ಮತ್ತೆ ಮಳೆಗಾಲದಲ್ಲೇ, ದೇವರಾಜ ಮಾರ್ಕೆಟ್ಟಿನ ಉತ್ತರದ ಬಾಗಿಲ ಕಡೆಯೂ ಬಿತ್ತು. ಕೆಡವೋದೋ ಉಳಿಸೋದೋ ಅನ್ನೋ ವಾದ ಕೋರ್ಟಿಗೂ ಹೋಯಿತು. ಆ ಕಮಾನುಗಳ ಕೆಳಗೆ ಮಳೆಗೆ ನಿಂತವನಾಗಿ ಹೇಳುತ್ತೇನೆ, ಸುಣ್ಣದ ಗಾರೆಯ ಕಟ್ಟಡ ತಾನಾಗಿ ಬೀಳೋದಿಲ್ಲ. ಮೇಲೆ ಬೆಳೆದ ಅರಳಿ ಗಿಡ ಕೀಳದೆ, ಸೋರಿದ ಸೂರು ಮುಚ್ಚದೆ ಬಿಟ್ಟಾಗ ಬೀಳುತ್ತದೆ. ಕಿತ್ತು ಮುಚ್ಚಿ ಮಾಡುವವರು ಬೇಕು. ಈಗಲೂ ಆ ಮೂಲೆಗೆ ಹೋದರೆ ನನ್ನ ಹೊಟ್ಟೆ ಚುರ್ ಅನ್ನುತ್ತದೆ.

ಚಿಕ್ಕ ಗಡಿಯಾರದ ಎದುರು ಮಾರ್ಕೆಟ್ಟಿನೊಳಗೆ ನುಗ್ಗಿದೆವು. ಮಾವನ ನಡಿಗೆಗೆ ಅಲ್ಲಿ ಚುರುಕು ಬಂತು. ನನ್ನ ಹೆಗಲು ಬಿಟ್ಟರು. ಮಲ್ಲಿಗೆ ಮೂಗಿಗೆ ಬಡಿದ ಕಡೆ ಬಲಕ್ಕೆ, ವೀಳ್ಯದೆಲೆಯ ತಂಪು ತಾಗಿದ ಕಡೆ ಎಡಕ್ಕೆ, ಹಣ್ಣಾದ ರಸಬಾಳೆ ಸಿಕ್ಕಿದ ಮೇಲೆ ನೇರಕ್ಕೆ. ಕುಂಕುಮದ ಅಂಗಡಿಯ ಮುಂದೆ ನಿಂತರು. ತಟ್ಟೆ ತಟ್ಟೆಯಲ್ಲಿ ಬಣ್ಣದ ಗೋಪುರಗಳು, ತುದಿ ಸೂಜಿಯ ಹಾಗೆ. ತಮ್ಮ ಹುಡುಗರನ್ನು ಬಣ್ಣದ ಪಾಠಕ್ಕೆ ಅಲ್ಲಿಗೇ ಕರೆತರುತ್ತಿದ್ದರಂತೆ. ಪೆಟ್ಟಿಗೆಯ ಬಣ್ಣಕ್ಕೆ ದುಡ್ಡಿಲ್ಲದವರೂ ಇಲ್ಲಿ ನೋಡಬಹುದು, ನೋಡೋದಕ್ಕೆ ಕಾಸು ಕೇಳೋದಿಲ್ಲ. ಅಂಗಡಿಯ ಅಜ್ಜಿ ಅವರ ಗುರುತು ಹಿಡಿದು, "ಏನ್ ಮೇಷ್ಟ್ರೇ, ಹುಡುಗ್ರು ಎಲ್ಲಿ?" ಅಂದಳು. ಮಾವ ನನ್ನನ್ನು ತೋರಿಸಿದರು.

ಆಚೆ ಬಂದ ಮೇಲೆ ಕಾಫಿ ಪುಡಿ ಅಂಗಡಿ. ದಾರಿ ತೋರಿಸೋದು ಬೇಕಿರಲಿಲ್ಲ, ಹುರಿಯುವ ವಾಸನೆಗೆ ತಾವೇ ಹೋದರು. "ನೂರು ಪೀಬೆರಿ, ನೂರು ಪ್ಲಾಂಟೇಷನ್, ಇಪ್ಪತ್ತು ಚಿಕೋರಿ." ತಕ್ಕಡಿಯಲ್ಲಿ ತೂಗಿ, ಮೆಷಿನ್ನಿನ ಬಾಯಿಗೆ ಸುರಿದು, ಕೆಳಗೆ ಕವರು ಹಿಡಿದರು. ಪೀಬೆರಿ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಮಾವ ಗೋಣಿಯಿಂದ ಎರಡು ಬೀಜ ಎತ್ತಿ ಅಂಗೈಯಲ್ಲಿಟ್ಟರು. ಕಾಫಿ ಹಣ್ಣಿನೊಳಗೆ ಮಾಮೂಲಿಗೆ ಎರಡು ಬೀಜ, ಒಂದಕ್ಕೊಂದು ಬೆನ್ನು ಕೊಡದೆ ಮುಖ ಒತ್ತಿಕೊಂಡು ಬೆಳೆಯೋದರಿಂದ ಒಂದು ಬದಿ ಚಪ್ಪಟೆ. ಎಲ್ಲೋ ಕೆಲವು ಹಣ್ಣಲ್ಲಿ ಒಂದೇ ಬೀಜ ಬೆಳೆದು ಗುಂಡಗಾಗುತ್ತದೆ, ಅದು ಪೀಬೆರಿ. ಬೆರಳಲ್ಲಿ ಉರುಳಿಸಿ ನೋಡಿದೆ, ಬಟಾಣಿಯ ಹಾಗೆ ಉರುಳಿತು. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್ನಿಗೆ ಮೈ ಬರುತ್ತದೆ, ಬಣ್ಣ ಬರುತ್ತದೆ. "ಚಿತ್ರಕ್ಕೆ ಕಪ್ಪು ಇಟ್ಟ ಹಾಗೆ ಕಣೋ. ಚೂರು ಇದ್ದರೆ ಆಳ, ಜಾಸ್ತಿಯಾದರೆ ಕೆಸರು." ಬೆಚ್ಚಗಿನ ಕವರನ್ನು ಷರಟಿನೊಳಗೆ ಎದೆಗೆ ಇಟ್ಟುಕೊಂಡು ಮಳೆಯಲ್ಲಿ ಹೊರಟರು.

ಜಗನ್ಮೋಹನ ಅರಮನೆ ತಲುಪಿದಾಗ ಮಧ್ಯಾಹ್ನ ಇರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. ದೊಡ್ಡ ಅರಮನೆ ಸುಟ್ಟ ಮೇಲೆ ರಾಜಮನೆತನಕ್ಕೆ ಇದೇ ನೆರಳಾಯಿತು, 1902ರಲ್ಲಿ ವೈಸರಾಯ್ ಕರ್ಜನ್ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟದ್ದೂ ಇಲ್ಲೇ. 1915ರಿಂದ ಚಿತ್ರಶಾಲೆ. ಕೆಳಗೆ ಫ್ರೆಂಚ್ ಗಡಿಯಾರ ಇದೆ. ಒಂದು ಪುಟ್ಟ ಗೊಂಬೆ ಸೆಕೆಂಡಿಗೊಂದು ಸಲ ಡೋಲು ಬಡಿಯುತ್ತದೆ, ಗಂಟೆಗೊಮ್ಮೆ ಸಿಪಾಯಿಗಳು ಸಾಲಾಗಿ ಹೊರಡುತ್ತಾರೆ. ಆವತ್ತು ಸಿಪಾಯಿಗಳನ್ನು ನಾನು ಕಂಡೆನೋ, ಮಾವ ಹೇಳಿದ್ದು ಕೇಳಿ ಕಂಡ ಹಾಗೆ ಆಗಿದೆಯೋ, ಈಗ ಬೇರ್ಪಡಿಸಲಾರೆ.

ಮೈಸೂರು ಶೈಲಿಯ ಚಿತ್ರಗಳ ಮುಂದೆ ಮಾವ ಪಕ್ಕಕ್ಕೆ ಸರಿದು ನಿಂತರು. ಬಿಳಿ ಪುಡಿ, ಗೋಂದು ಕಲಸಿ ಒಡವೆಯ ಜಾಗ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನಲ್ಲಿ ಆ ಉಬ್ಬು ದಪ್ಪ, ನಮ್ಮಲ್ಲಿ ಉಗುರಿನ ತುದಿಯಷ್ಟು. ಎದುರು ನಿಂತರೆ ಅದು ಗೊತ್ತಾಗೋದಿಲ್ಲ, ಬೆಳಕು ಓರೆಯಾಗಿ ಬೀಳಬೇಕು. ಮುಮ್ಮಡಿಯವರನ್ನು ನಡುವೆ ಕೂರಿಸಿ, ದಳದಳವಾಗಿ ವಂಶವನ್ನೆಲ್ಲ ಬಿಡಿಸಿದ ಸಂತಾನಾಂಬುಜವನ್ನೂ ತೋರಿಸಿದರು. ರವಿವರ್ಮನ ದೊಡ್ಡ ಕ್ಯಾನ್ವಾಸುಗಳ ಮುಂದೆ ಮಾತ್ರ ನಿಲ್ಲದೆ ದಾಟಿದರು. ದಿನವೆಲ್ಲ ನಡೆದದ್ದು ಒಂದೇ ಒಂದಕ್ಕೆ ಅಂತ ಆಗ ಹೊಳೆಯಿತು.

ದೀಪ ಹಿಡಿದ ಹುಡುಗಿ. ಸಾವಂತವಾಡಿಯ ಎಸ್.ಎಲ್. ಹಲ್ದಣಕರ್ ಬರೆದ ಜಲವರ್ಣ. ಬಂದವರಲ್ಲಿ ಎಷ್ಟೋ ಜನ ರವಿವರ್ಮನದು ಅಂತಲೇ ನೋಡಿ ಹೋಗುತ್ತಾರೆ. ನಿಂತ ಹುಡುಗಿ ಹಲ್ದಣಕರರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು ಅಂತ ಪೇಪರಿನಲ್ಲಿ ಓದಿದಾಗ ನಮ್ಮ ಮನೆಯವರೇ ಹೋದ ಹಾಗಾಯಿತು ನನಗೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಮರೆ. ಬೆರಳುಗಳ ಸಂದಿಯಿಂದ ಬೆಳಕು ಸೋರಿ ಕೆಂಪಗಾಗಿ, ಮುಖಕ್ಕೆ ಬಿದ್ದಿದೆ. ಕೋಣೆ ಕತ್ತಲಾಗಿತ್ತು, ಕಿಟಕಿಗೆ ಪರದೆ ಇತ್ತು ಅಂತ ನೆನಪು.

"ಬೆಳಕನ್ನ ಎಲ್ಲಿಂದ ತಂದ ಹೇಳು?" ಅಂದರು ಮಾವ.

"ಹಳದಿ ಹಚ್ಚಿದ್ದಾರೆ."

"ನೀರಿನ ಬಣ್ಣದಲ್ಲಿ ಬೆಳಕು ಹಚ್ಚೋಕೆ ಬರಲ್ಲ ಕಣೋ. ಕಾಗದದ ಬಿಳುಪೇ ಬೆಳಕು. ಸುತ್ತ ಕತ್ತಲು ಹಚ್ಚುತ್ತಾ ಬಂದು, ಅಲ್ಲಿ ಕೈ ತಡೀಬೇಕು. ಒಂದ್ಸಲ ತಪ್ಪಿದರೆ ಹೋಯ್ತು, ಎಣ್ಣೆ ಬಣ್ಣದ ಹಾಗೆ ಮೇಲೆ ಬಳಿಯೋ ಹಾಗಿಲ್ಲ."

ತುಂಬ ಹೊತ್ತು ನಿಂತರು. ದೀಪದ ಸುತ್ತ ಅವರಿಗೆ ಒಂದು ದೊಡ್ಡ ಬಳೆಯ ಹಾಗೆ ಬೆಳಕು ಕಾಣುತ್ತಿತ್ತಂತೆ. ಕಾವಲಿನವರು ಬಂದು ನೋಡಿ, ಮೇಷ್ಟ್ರು ಅಂತ ತಿಳಿದು ಸದ್ದಿಲ್ಲದೆ ಹೋದರು.

ಮನೆಗೆ ಬರೋ ಹೊತ್ತಿಗೆ ಇಬ್ಬರೂ ತೊಯ್ದು ತೊಪ್ಪೆ. ಷರಟಿನೊಳಗಿದ್ದ ಪುಡಿಗೆ ಮಾತ್ರ ಹನಿ ತಾಗಿರಲಿಲ್ಲ. ಅತ್ತೆ ಅದನ್ನೇ ಫಿಲ್ಟರಿಗೆ ಹಾಕಿದರು.

ಸೋಮವಾರದ ಆಪರೇಷನ್ ಚೆನ್ನಾಗಿ ಆಯಿತು. ಒಂದು ಕಣ್ಣು ಮೊದಲು, ಇನ್ನೊಂದು ತಿಂಗಳು ಬಿಟ್ಟು ಅಂದಿದ್ದರು ಡಾಕ್ಟರು. ಪಟ್ಟಿ ಬಿಚ್ಚಿದ ಬೆಳಿಗ್ಗೆ ಅತ್ತೆ ಎದುರಿಗೇ ನಿಂತಿದ್ದರು. ಮಾವ ನೋಡಿದರು, ಮತ್ತೆ ನೋಡಿದರು.

"ಈ ಸೀರೆ ಯಾವಾಗ ತಗೊಂಡೆ?"

"ಅಯ್ಯೋ, ನಾಲ್ಕು ವರ್ಷದಿಂದ ಉಡ್ತಿದೀನಲ್ರೀ. ನೀವೇ ಆರಿಸಿದ್ದು."

"ನಾನು ಆರಿಸಿದ್ದು ಹಸಿರು. ಇದು ನೀಲಿ."

ಡಾಕ್ಟರು ವಿವರಿಸಿದರು. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ಅದು ಮೊದಲು ನುಂಗೋದು ನೀಲಿಯನ್ನ. ನಿಧಾನಕ್ಕೆ ಆಗೋದರಿಂದ ನೋಡುವವರಿಗೆ ತಿಳಿಯೋದಿಲ್ಲ. ಮಾವ ಕೇಳಿಸಿಕೊಂಡು, "ಅಂದ್ರೆ ಇಷ್ಟು ವರ್ಷ ನಾನು ಮೈಸೂರನ್ನ ಡಿಕಾಕ್ಷನ್ನಿನೊಳಗೆ ಅದ್ದಿ ನೋಡ್ತಿದ್ದೆ" ಅಂದರು. ಮನೆಗೆ ಬಂದು ಕಾಫಿಗೆ ಹಾಲು ಬೆರೆಸೋದನ್ನ ನಿಂತು ನೋಡಿದರು. ಹಾಲು ಇಷ್ಟು ಬೆಳ್ಳಗಿರುತ್ತೆ ಅನ್ನೋದು ಮರೆತೇಹೋಗಿತ್ತು ಅಂತ ಅತ್ತೆಗೆ ಎರಡು ಸಲ ಹೇಳಿದರು.

ಆಮೇಲೆ ಶುರುವಾಯಿತು ಒಂದು ಅಭ್ಯಾಸ. ಹೊಸ ಕಣ್ಣು ಮುಚ್ಚಿ ಹಳೇ ಕಣ್ಣಲ್ಲಿ ನೋಡೋದು, ಹಳೇದು ಮುಚ್ಚಿ ಹೊಸದರಲ್ಲಿ ನೋಡೋದು. ಜಗಲಿಯ ಮೇಲೆ ಕೂತು ಎದುರು ಮನೆಯ ಗೋಡೆ, ಬಾಳೆಗಿಡ, ಹಾಲಿನವರ ಸೈಕಲ್ಲು, ಎಲ್ಲದಕ್ಕೂ ಹಾಗೇ. ಓಡಾಡಬಹುದು ಅಂದ ದಿನವೇ ನನ್ನನ್ನು ಎಬ್ಬಿಸಿ ಜಗನ್ಮೋಹನಕ್ಕೆ ಕರೆದುಕೊಂಡು ಹೋದರು. ಈ ಸಲ ಕೈ ನನ್ನ ಹೆಗಲ ಮೇಲಿರಲಿಲ್ಲ, ನಾನೇ ಹಿಂದೆ ಬಿದ್ದೆ. ಅರಮನೆಯ ಗುಮ್ಮಟದ ಎದುರು ನಿಂತು, "ದಾಳಿಂಬೆ ಸಿಪ್ಪೆ. ಸರಿಯಾಗೇ ಹೇಳಿದ್ದೆ" ಅಂದರು.

ದೀಪದ ಹುಡುಗಿಯ ಮುಂದೆ ಒಂದು ಕಣ್ಣು, ಆಮೇಲೆ ಇನ್ನೊಂದು. ಮತ್ತೆ ಮೊದಲಿನದು.

"ಹೊಸ ಕಣ್ಣಲ್ಲಿ ಕೈ ಚೆನ್ನಾಗಿದೆ. ಬೆರಳಿನ ಅಂಚು, ಉಗುರು, ಎಲ್ಲಾ ಸಿಗುತ್ತೆ" ಅಂದರು. ಸ್ವಲ್ಪ ತಡೆದು, "ದೀಪ ಹಳೇ ಕಣ್ಣಲ್ಲೇ ಚೆನ್ನಾಗಿದೆ."

ಹೊರಗೆ ಬಂದು ಇಬ್ಬರೂ ಬೈ ಟೂ ಕಾಫಿ ಕುಡಿದೆವು. ನನಗೆ ಅಷ್ಟರಲ್ಲಿ ಕೆಲಸದ ಕಾಗದ ಬಂದು ಬೆಂಗಳೂರಿಗೆ ಹೊರಟೆ. ಎರಡನೇ ಕಣ್ಣಿನ ಆಪರೇಷನ್ ತಿಂಗಳಿಗೆ ಆಗಬೇಕಿದ್ದದ್ದು ಆಗಲಿಲ್ಲ ಅಂತ ಅತ್ತೆಯ ಕಾರ್ಡು ಬಂತು. ಡಾಕ್ಟರು ಬೈದರಂತೆ, ಅತ್ತೆಯೂ ಬೈದರಂತೆ. ಮಾವ ಜಗ್ಗಲಿಲ್ಲ. ದಸರಾ ದೀಪ ಒಂದು ವರ್ಷ ಹಳೇ ಕಣ್ಣಲ್ಲಿ ನೋಡಿಬಿಡ್ತೀನಿ, ಆಮೇಲೆ ತೆಗೀರಿ ಅಂದರಂತೆ. ವಿಜಯದಶಮಿಗೆ ನೀನೂ ಬಾ, ರಾತ್ರಿ ಹೊತ್ತು ಇವರನ್ನು ಕೈ ಹಿಡಿದು ನಡೆಸೋಕೆ ಒಬ್ಬರು ಬೇಕು ಅಂತ ಕಾರ್ಡಿನ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದರು.